ಶಾಂತಿಧ್ವಜವನ್ನೆತ್ತಿದ ಕಲಾವಿದ: ನಿಕೊಲಾಯ್ ರೋರಿಕ್

ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಕಾಯಲು ರೆಡ್‌ಕ್ರಾಸ್ ಲಾಂಛನವಿದೆ. ದೇವಾಲಯ, ಗ್ರಂಥಭಂಡಾರ, ವಸ್ತುಸಂಗ್ರಹಾಲಯಗಳನ್ನು ಕಾಯಲೂ ಅಂತಹುದೊಂದು ಲಾಂಛನ ಬೇಡವೇ ಎಂಬ ಪ್ರಶ್ನೆಯನ್ನು ರಾಷ್ಟ್ರಗಳ ಮುಂದಿಟ್ಟವರು ರಷ್ಯಾದ ಚಿತ್ರಕಲಾವಿದ ನಿಕೊಲಾಯ್ ರೋರಿಕ್.

1874ರ ಅಕ್ಟೋಬರ್ 9ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜನಿಸಿದ ಅವರು ತಂದೆಯ ಇಚ್ಛೆಯಂತೆ ಕಾನೂನನ್ನೂ ತಮ್ಮ ಇಚ್ಛೆಯಂತೆ ಚಿತ್ರಕಲೆಯನ್ನೂ ಏಕಕಾಲದಲ್ಲಿ ಅಭ್ಯಸಿಸಿದರು. ಬಾಲ್ಯದಲ್ಲಿಯೇ ಇಜ್ವಾರಾ ಗ್ರಾಮದ ಸುತ್ತಲಿನ ಪ್ರಾಚೀನ ಸಮಾಧಿದಿಬ್ಬಗಳ ಉತ್ಖನನವನ್ನು ಕಂಡವರಾದ್ದರಿಂದ ಮಣ್ಣಿನಡಿಯ ಗತಕಾಲದ ಮೇಲೆ ಅವರಿಗೆ ತೀರದ ಮೋಹ. 1903-04ರಲ್ಲಿ ಪ್ಸ್ಕೋವ್, ಸ್ಮೊಲೆನ್ಸ್ಕ್, ರೊಸ್ತೋವ್ ಮೊದಲಾದ ಪುರಾತನ ನಗರಗಳನ್ನು ಸಂಚರಿಸಿ, ಶಿಥಿಲಗೊಳ್ಳುತ್ತಿದ್ದ ಚರ್ಚು ಕೋಟೆಗಳನ್ನು ಚಿತ್ರಿಸಿದರು. ಅವುಗಳ ದುರವಸ್ಥೆಯನ್ನು ಕಣ್ಣಾರೆ ಕಂಡ ಮೇಲೆ ಸಂರಕ್ಷಣೆಯ ವಿಚಾರ ಅವರನ್ನು ಬಿಡಲಿಲ್ಲ.

1914ರ ಆಗಸ್ಟಿನಲ್ಲಿ ಜರ್ಮನ್ ಸೈನ್ಯವು ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬೆಂಕಿಯಿಟ್ಟಿತು. ಎರಡು ಲಕ್ಷಕ್ಕೂ ಮಿಕ್ಕ ಗ್ರಂಥಗಳು, ಅಪೂರ್ವ ಹಸ್ತಪ್ರತಿಗಳ ಸಹಿತ, ಬೂದಿಯಾದವು. ಮರುತಿಂಗಳೇ ಫ್ರಾನ್ಸಿನ ರೀಮ್ಸ್ ಮಹಾಮಂದಿರ ಫಿರಂಗಿದಾಳಿಗೆ ತುತ್ತಾಯಿತು. ಓಲೆಗರಿಯ ಗ್ರಂಥಗಳನ್ನು ಮಕ್ಕಳಂತೆ ಜೋಪಾನ ಮಾಡಿಕೊಂಡು ಬಂದ ಮನೆತನಗಳವರಿಗೆ ಈ ನಷ್ಟದ ತೂಕವನ್ನು ವಿವರಿಸಬೇಕಾಗಿಲ್ಲ. ರೋರಿಕ್ ಅವರು ಆಗಲೇ ಸರಕಾರಗಳಿಗೆ ಮನವಿ ಮಾಡಿದರು. ಯುದ್ಧದ ಗದ್ದಲದಲ್ಲಿ ಫಲ ದೊರೆಯಲಿಲ್ಲ.

ಕ್ರಾಂತಿಯ ಬಳಿಕ ತಾಯ್ನಾಡನ್ನು ತೊರೆದು, ಅಮೆರಿಕೆಯ ಮೂಲಕ 1923ರಲ್ಲಿ ಭಾರತಕ್ಕೆ ಬಂದರು. ಮಧ್ಯ ಏಷ್ಯಾದ ದೀರ್ಘ ಸಂಚಾರ ಮುಗಿಸಿ 1928ರಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿದರು. ಮರುವರ್ಷ ನ್ಯಾಯಶಾಸ್ತ್ರಜ್ಞ ಜಾರ್ಜ್ ಶ್ಕ್ಲಾವೆರ್ ಅವರ ನೆರವಿನಿಂದ ಒಪ್ಪಂದದ ಕರಡು ಸಿದ್ಧವಾಯಿತು. ಐತಿಹಾಸಿಕ ಸ್ಮಾರಕ, ಸಂಗ್ರಹಾಲಯ, ವಿದ್ಯಾಸಂಸ್ಥೆ ಮತ್ತು ಅವುಗಳ ಸಿಬ್ಬಂದಿಯನ್ನು ಯುದ್ಧದಲ್ಲಿಯೂ ಶಾಂತಿಯಲ್ಲಿಯೂ ತಟಸ್ಥವೆಂದು ಗೌರವಿಸತಕ್ಕದ್ದು ಎಂಬುದೇ ಅದರ ಸಾರ. ಬಿಳಿಯ ಬಟ್ಟೆಯ ಮೇಲೆ ಕೆಂಪು ವೃತ್ತ, ಅದರೊಳಗೆ ಮೂರು ಕೆಂಪು ಬಿಂದುಗಳು: ಇದು ಅವರ ಶಾಂತಿಧ್ವಜ. 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನ ಶ್ವೇತಭವನದಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಸಮ್ಮುಖದಲ್ಲಿ ಅಮೆರಿಕ ಖಂಡಗಳ 21 ರಾಷ್ಟ್ರಗಳು ಸಹಿ ಹಾಕಿದವು.

ಒಪ್ಪಂದದಲ್ಲಿ ಒಂದು ಕಂಡಿಯಿತ್ತು. ಸ್ಮಾರಕವನ್ನು ಸೈನಿಕ ಉದ್ದೇಶಕ್ಕೆ ಬಳಸಿದರೆ ಅದರ ರಕ್ಷಣೆ ರದ್ದಾಗುವುದು. ವಯನಾಡಿನ ಸುಲ್ತಾನ್ ಬತ್ತೇರಿಯ ನಮ್ಮ ಬಸದಿಯು ಟಿಪ್ಪುವಿನ ಸೈನ್ಯದ ಮದ್ದುಗುಂಡುಗಳ ಉಗ್ರಾಣವಾಗಿತ್ತೆಂಬುದನ್ನು ಬಲ್ಲವರಿಗೆ ಇದರ ತೊಡಕು ಸುಲಭವಾಗಿ ಅರ್ಥವಾದೀತು. ಅದಕ್ಕಿಂತಲೂ ದೊಡ್ಡ ಕೊರತೆಯೆಂದರೆ ಯುರೋಪಿನ ಪ್ರಬಲ ರಾಷ್ಟ್ರಗಳು ಸಹಿ ಹಾಕದೆ ದೂರ ಉಳಿದದ್ದು. ಸಹಿ ಹಾಕಿದ್ದ ಅಮೆರಿಕದ ವಿಮಾನಗಳೇ 1944ರ ಫೆಬ್ರವರಿ 15ರಂದು ಇಟಲಿಯ ಮಾಂಟೆ ಕಸೀನೊ ಮಠವನ್ನು, ಶತ್ರುಸೈನ್ಯ ಅಡಗಿದೆಯೆಂಬ ಶಂಕೆಯಿಂದ, ನೆಲಸಮ ಮಾಡಿದವು.

ರೋರಿಕ್ ಅವರ ನಡೆಯೆಲ್ಲವೂ ಪ್ರಶ್ನಾತೀತವೆಂದು ಹೇಳಲಾಗದು. 1934-35ರಲ್ಲಿ ಬರ ತಡೆಯುವ ಹುಲ್ಲಿನ ಬೀಜ ಸಂಗ್ರಹಿಸಲೆಂದು ಅಮೆರಿಕ ಸರಕಾರ ಅವರನ್ನು ಮಂಚೂರಿಯಕ್ಕೆ ಕಳುಹಿಸಿದಾಗ ರಾಜಕೀಯದಲ್ಲಿ ಕೈಯಾಡಿಸಿದರೆಂಬ ಆಕ್ಷೇಪ ಬಂತು. ಒಪ್ಪಂದಕ್ಕೆ ಅಮೆರಿಕದ ಪರವಾಗಿ ಸಹಿ ಹಾಕಿದ್ದ ಸಚಿವ ಹೆನ್ರಿ ವಾಲೆಸ್ ಅವರೇ ಮುಖ ತಿರುಗಿಸಿದರು. ತೆರಿಗೆಯ ವ್ಯಾಜ್ಯವೂ ಸುತ್ತಿಕೊಂಡಿತು. ಆ ದೇಶಕ್ಕೆ ಅವರು ಮತ್ತೆ ಕಾಲಿಡಲಿಲ್ಲ. ಹಿಮಾಲಯವನ್ನು ಚಿತ್ರಿಸುತ್ತ, ದೂರದ ಯುದ್ಧದ ವಾರ್ತೆಗಳನ್ನು ಕೇಳುತ್ತ ನಗ್ಗರ್‌ನಲ್ಲೇ ಉಳಿದು, 1947ರ ಡಿಸೆಂಬರ್ 13ರಂದು ಅಲ್ಲಿಯೇ ನಿಧನರಾದರು.

1954ರ ಮೇ 14ರಂದು ಹೇಗ್ ನಗರದಲ್ಲಿ, ಯುದ್ಧಕಾಲದಲ್ಲಿ ಸಾಂಸ್ಕೃತಿಕ ಸ್ವತ್ತುಗಳನ್ನು ರಕ್ಷಿಸುವ ಅಂತರರಾಷ್ಟ್ರೀಯ ಒಡಂಬಡಿಕೆ ಸಿದ್ಧವಾಯಿತು. ಅದರ ಪೀಠಿಕೆಯಲ್ಲಿ ವಾಷಿಂಗ್ಟನ್ ಒಪ್ಪಂದದ ಸ್ಮರಣೆಯಿದೆ. ಆದರೆ ಲಾಂಛನ ಮಾತ್ರ ಬೇರೆ: ನೀಲಿ ಬಿಳಿ ಬಣ್ಣದ ಗುರಾಣಿ. ಭಾರತವು 1958ರಲ್ಲಿ ಇದನ್ನು ಅನುಮೋದಿಸಿತು.

ಅವರ ಕಿರಿಯ ಪುತ್ರ, ಕಲಾವಿದ ಸ್ವೆತೊಸ್ಲಾವ್ ರೋರಿಕ್ ಚಿತ್ರನಟಿ ದೇವಿಕಾರಾಣಿಯವರನ್ನು ವರಿಸಿ, ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದ್ದರು. ತಂದೆ ಮಕ್ಕಳಿಬ್ಬರ ಚಿತ್ರಗಳೂ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿವೆ.