ಎಲ್ಲರ ಶ್ರುತಿಗೆ ಒಗ್ಗಿದ ಅನಂತಸ್ವಾಮಿ

ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಸಮೂಹ ಗಾಯನವೆಂಬ ಸ್ಪರ್ಧೆಯೊಂದಿದೆ. ತಂಡಕ್ಕೆ ಆರು ಮಂದಿ ಗಾಯಕರು, ಮೂವರು ಪಕ್ಕವಾದ್ಯದವರು, ಹತ್ತು ನಿಮಿಷಗಳ ಕಾಲಾವಕಾಶ. 1954ರಲ್ಲಿ ದೆಹಲಿಯಲ್ಲಿ ಮೊದಲ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವ ನಡೆಯಿತು. ಅಂದಿನಿಂದ ಈ ಉತ್ಸವಗಳು ದೇಶಕ್ಕೆ ಅನೇಕ ಪ್ರತಿಭಾವಂತರನ್ನು ಕೊಟ್ಟಿವೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆರು ಮಂದಿ ಹಾಡಿ ಉಳಿದ ಸಾವಿರಾರು ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವುದನ್ನು ಸಮೂಹ ಗಾಯನ ಎನ್ನಬಹುದೇ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವವರು ಮೈಸೂರು ಅನಂತಸ್ವಾಮಿ.

ಅವರು ಹುಟ್ಟಿದ್ದು 1936ರ ಅಕ್ಟೋಬರ್ 25ರಂದು, ಮೈಸೂರಿನಲ್ಲಿ. ತಾತ ಚಿಕ್ಕರಾಮರಾಯರು ಅರಮನೆಯ ಆಸ್ಥಾನ ವಿದ್ವಾಂಸರು, ರಂಗಭೂಮಿಯಲ್ಲೂ ಹೆಸರು ಮಾಡಿದವರು. ಇಂಥ ಮನೆತನದ ಹುಡುಗ ಶಾಸ್ತ್ರೀಯ ಸಂಗೀತದ ರಾಜಮಾರ್ಗವನ್ನು ಹಿಡಿಯುವುದು ಸಹಜವಾಗಿತ್ತು. ಅನಂತಸ್ವಾಮಿ ಹಿಡಿದದ್ದು ಅದರ ಪಕ್ಕದ, ಆಗಿನ್ನೂ ಸರಿಯಾಗಿ ಸವೆಯದ ಹಾದಿಯನ್ನು. ಪಿ. ಕಾಳಿಂಗರಾಯರು ಕನ್ನಡ ಕವಿತೆಗಳನ್ನು ವೇದಿಕೆಗೆ ತಂದು ಜನರ ನಾಲಗೆಯ ಮೇಲೆ ಕೂರಿಸಿದ್ದರು. ಆ ಪರಂಪರೆಯನ್ನು ಮುಂದುವರಿಸಿ, ಅದಕ್ಕೊಂದು ಶಿಸ್ತನ್ನು ತಂದುಕೊಟ್ಟವರಲ್ಲಿ ಅನಂತಸ್ವಾಮಿ ಪ್ರಮುಖರು. ಕುವೆಂಪು, ಜಿ.ಪಿ. ರಾಜರತ್ನಂ, ಜಿ.ಎಸ್. ಶಿವರುದ್ರಪ್ಪ, ನಿಸಾರ್ ಅಹಮದ್ ಮೊದಲಾದ ಕವಿಗಳ ರಚನೆಗಳು ಅವರ ರಾಗ ಸಂಯೋಜನೆಯಲ್ಲಿ ಮನೆಮನೆಗೆ ತಲುಪಿದವು.

ಈ ತಲುಪುವಿಕೆಗೆ ಒಂದು ಅರ್ಥಶಾಸ್ತ್ರವೂ ಇದೆ. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಧ್ವನಿಮುದ್ರಣಕ್ಕೆ ದೊಡ್ಡ ಬಂಡವಾಳ ಬೇಕಿತ್ತು. ಯಾವ ಹಾಡು ಮಾರುಕಟ್ಟೆಗೆ ಬರಬೇಕೆಂಬುದನ್ನು ಬೆರಳೆಣಿಕೆಯ ಕಂಪನಿಗಳು ನಿರ್ಧರಿಸುತ್ತಿದ್ದವು. ಕ್ಯಾಸೆಟ್ ಈ ಏಕಸ್ವಾಮ್ಯವನ್ನು ಮುರಿಯಿತು. 1978ರಲ್ಲಿ ನಿಸಾರ್ ಅವರ ಕವಿತೆಗಳ ನಿತ್ಯೋತ್ಸವ ಧ್ವನಿಸುರುಳಿ ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದೇ ಅದು ಪ್ರಸಿದ್ಧ. ಕವಿ ಮತ್ತು ಸಂಯೋಜಕ ಇಬ್ಬರೂ 1936ರಲ್ಲಿ ಹುಟ್ಟಿದವರು. ಒಬ್ಬರು ಭೂವಿಜ್ಞಾನದ ಅಧ್ಯಾಪಕರು, ಇನ್ನೊಬ್ಬರು ಹಾಡುಗಾರರು. ನನ್ನ ವಿದ್ಯಾರ್ಥಿ ದೆಸೆಯಲ್ಲಿ ಆ ಕ್ಯಾಸೆಟ್ ಹಾಸ್ಟೆಲಿನ ಕೋಣೆಯಿಂದ ಕೋಣೆಗೆ ಕೈ ಬದಲಾಯಿಸುತ್ತಿತ್ತು, ನಕಲಿನ ನಕಲು ಮಾಡಿಕೊಂಡು ಕೇಳುತ್ತಿದ್ದೆವು. ಹಕ್ಕುಸ್ವಾಮ್ಯದ ಕಾಯ್ದೆಯನ್ನು ಆಗ ನಾವ್ಯಾರೂ ಓದಿರಲಿಲ್ಲ!

ಆ ಹಾಡುಗಳನ್ನು ನಾವು ಕೇಳಿ ಸುಮ್ಮನಾಗಲಿಲ್ಲ, ಹಾಡಿದೆವು. ಸಂಗೀತದ ಗಂಧವಿಲ್ಲದವರೂ ಹಾಡಿದೆವು. ಅವರ ಸಂಯೋಜನೆಯ ಗುಟ್ಟು ಇರುವುದೇ ಇಲ್ಲಿ ಎಂದು ನನ್ನ ಎಣಿಕೆ. ಬಹು ಮಂದಿ ಕೂಡಿ ಹಾಡುವಲ್ಲಿ ಮೊದಲ ತೊಡಕು ಶ್ರುತಿಯದು. ಗಂಡಸರ ಕಂಠಕ್ಕೆ ಸಾಮಾನ್ಯವಾಗಿ ಒಂದರಿಂದ ಎರಡನೆಯ ಮನೆ ಹಿತ, ಹೆಂಗಸರಿಗೆ ಐದು ಅಥವಾ ಆರನೆಯ ಮನೆ. ಪಾಶ್ಚಾತ್ಯರು ತಮ್ಮ ವೃಂದಗಾನದಲ್ಲಿ ಹಾಡನ್ನೇ ನಾಲ್ಕು ಸ್ವರಪಂಕ್ತಿಗಳಾಗಿ ಸೀಳಿ ಈ ತೊಡಕನ್ನು ನಿವಾರಿಸಿಕೊಂಡರು. ನಮ್ಮಲ್ಲಿ ಎಲ್ಲರೂ ಒಂದೇ ಪಂಕ್ತಿಯನ್ನು ಹಾಡಬೇಕು. ಆದ್ದರಿಂದ ಹಾಡು ತಾರಸ್ಥಾಯಿಗೆ ಬಹಳ ಏರದೆ, ಮಂದ್ರಕ್ಕೆ ಬಹಳ ಇಳಿಯದೆ ನಡೆಯಬೇಕು. ಸಾಲಿನ ಕೊನೆಯಲ್ಲಿ ಉಸಿರಿಗೆ ಎಡೆ ಬಿಡಬೇಕು. ಸಂಗತಿಗಳ ಬಳುಕು ಮಿತವಾಗಿರಬೇಕು. ಪಂಡಿತ ಮನೆತನದಿಂದ ಬಂದವರಿಗೆ ಈ ಸಂಯಮ ಸುಲಭವಲ್ಲ. ತಮಗೆ ತಿಳಿದದ್ದನ್ನೆಲ್ಲ ತೋರಿಸದೆ ಬಿಡುವುದನ್ನು ಅನಂತಸ್ವಾಮಿ ಕಲಿತಿದ್ದರು. ಅವರ ಹಾಡುಗಳಲ್ಲಿ ಮಾತು ಸ್ವರದಡಿ ಹೂತುಹೋಗುವುದಿಲ್ಲ.

ಅವರು ತೀರಿಕೊಂಡದ್ದು 1995ರ ಜನವರಿ 9ರಂದು. ಕುವೆಂಪು ಅಗಲಿ ಎರಡು ತಿಂಗಳೂ ತುಂಬಿರಲಿಲ್ಲ. ಇನ್ನೂ ಅರುವತ್ತು ಮುಟ್ಟದ ವಯಸ್ಸು.

ಅವರ ಬದುಕಿನ ಬಹು ಚರ್ಚಿತ ಅಧ್ಯಾಯ ಆರಂಭವಾದದ್ದು ಅವರ ಮರಣಾನಂತರ. 2004ರ ಜನವರಿಯಲ್ಲಿ ಸರ್ಕಾರವು ಕುವೆಂಪು ಅವರ ಜಯ ಭಾರತ ಜನನಿಯ ತನುಜಾತೆಯನ್ನು ನಾಡಗೀತೆಯೆಂದು ಘೋಷಿಸಿತು. ಗೀತೆ ಯಾವುದೆಂದು ತೀರ್ಮಾನವಾಯಿತು, ಧಾಟಿ ಯಾವುದೆಂದು ಆಗಲಿಲ್ಲ. ಅನಂತಸ್ವಾಮಿಯವರದೊಂದು, ಸಿ. ಅಶ್ವತ್ಥ್ ಅವರದೊಂದು, ಎರಡಕ್ಕೂ ಅಭಿಮಾನಿಗಳು. ಒಂದಾದ ಮೇಲೊಂದು ಸಮಿತಿ ರಚನೆಯಾಯಿತು. ಕಡತಗಳು ಹೇಗೆ ಓಡಾಡುತ್ತವೆ ಎಂಬುದನ್ನು ವೃತ್ತಿಯಿಂದ ಬಲ್ಲ ನನಗೆ ಹದಿನೆಂಟು ವರ್ಷ ಅಷ್ಟೇನೂ ಅಚ್ಚರಿಯಲ್ಲ. ಈ ನಡುವೆ ಸಮಾರಂಭಗಳಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹಾಡುತ್ತಿದ್ದರು. ಎದ್ದು ನಿಂತ ಹಿರಿಯರು ಕಾಲು ಬದಲಿಸುತ್ತಾ ಕೊನೆಯ ಚರಣಕ್ಕೆ ಕಾಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಕಡೆಗೆ 2022ರ ಸೆಪ್ಟೆಂಬರ್‌ನಲ್ಲಿ ಅನಂತಸ್ವಾಮಿಯವರ ಧಾಟಿಯನ್ನೇ, ಎರಡೂವರೆ ನಿಮಿಷಗಳ ಅವಧಿಗೆ ನಿಗದಿಪಡಿಸಿ ಆದೇಶ ಹೊರಟಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ವಜಾಗೊಳಿಸಿತು.

ಅಶ್ವತ್ಥ್ ಅವರನ್ನು ಕಡಿಮೆ ಮಾಡುವ ಉದ್ದೇಶ ನನ್ನದಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ ಅವರು ನಡೆಸಿದ ಕನ್ನಡವೇ ಸತ್ಯ ಕಾರ್ಯಕ್ರಮಕ್ಕೆ ನೆರೆದ ಜನಸಾಗರವನ್ನು ಮರೆಯಲಾದೀತೇ? ಆದರೆ ಅವರ ಕಂಠದ ಆ ಆವೇಶವನ್ನು ಹತ್ತು ವರ್ಷದ ಮಗುವಾಗಲಿ ಎಪ್ಪತ್ತರ ಮುದುಕರಾಗಲಿ ಅನುಕರಿಸಲಾರರು. ನಾಡಗೀತೆಯ ಮಟ್ಟಿಗೆ ನನ್ನ ಒಲವು ಅನಂತಸ್ವಾಮಿಯವರ ಕಡೆಗೇ.

ಪುಟ್ಟ ಎಸ್ತೋನಿಯಾ ದೇಶದ ತಾರ್ತು ನಗರದಲ್ಲಿ 1869ರಲ್ಲೇ ಗಾನೋತ್ಸವ ಆರಂಭವಾಯಿತು. ಬಾಲ್ಟಿಕ್ ದೇಶಗಳ ವಿಶ್ವವಿದ್ಯಾಲಯಗಳ ಗಾಯಕ ವೃಂದಗಳನ್ನು ಒಟ್ಟುಗೂಡಿಸುವ ಗೌದೆಯಾಮುಸ್ ಉತ್ಸವ 1956ರಲ್ಲಿ ಅದೇ ಊರಿನಲ್ಲಿ ಮೊದಲಾಯಿತು. ಸೋವಿಯತ್ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಆ ಜನ ಬೀದಿಗಿಳಿದು ಹಾಡಿಯೇ ಸ್ವಾತಂತ್ರ್ಯ ಕೇಳಿದರು. ಹಾಡುವ ರೂಢಿ ಅವರಿಗೆ ತಲೆಮಾರುಗಳಿಂದ ಇತ್ತು. ವಿಜಯನಗರದ ನನ್ನ ಮನೆಯಿಂದ ಜ್ಞಾನಭಾರತಿ ಆವರಣ ದೂರವೇನಲ್ಲ. ನಾಡಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅಲ್ಲಿ ಮೂರು ದಿನ ಸೇರಿ, ಬಲ್ಲವರಿಂದ ಶ್ರುತಿ, ಉಚ್ಚಾರ, ಉಸಿರುಗಳನ್ನು ಕಲಿತು, ಕೊನೆಯ ಸಂಜೆ ಬಹುಮಾನದ ಹಂಗಿಲ್ಲದೆ ಒಟ್ಟಿಗೆ ಹಾಡುವಂತಾಗಬಾರದೇ? ಖರ್ಚು ಊಟ, ವಸತಿ, ಒಂದಷ್ಟು ಗೌರವಧನ. ಆಯವ್ಯಯ ಪತ್ರಗಳನ್ನು ಓದಿದ ಅನುಭವದಿಂದ ಹೇಳುವುದಾದರೆ ಇದು ಯಾವ ವಿಶ್ವವಿದ್ಯಾಲಯಕ್ಕೂ ಭಾರವಾಗುವ ಮೊತ್ತವಲ್ಲ.

ತಡ ಮಾಡುವಂತಿಲ್ಲ. ತಂದೆಯ ಹಾಡುಗಳನ್ನು ಅವರದೇ ಛಾಯೆಯಲ್ಲಿ ಹಾಡಿಕೊಂಡು ಬಂದಿದ್ದ ಮಗ ರಾಜು ಅನಂತಸ್ವಾಮಿ 2009ರ ಜನವರಿಯಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಶ್ವತ್ಥ್ ಹೋದರು. 2020ರಲ್ಲಿ ನಿಸಾರ್ ಅವರೂ ಅಗಲಿದರು. ಅನಂತಸ್ವಾಮಿಯವರ ಎದುರು ಕುಳಿತು ಪಾಠ ಹೇಳಿಸಿಕೊಂಡವರು ಈಗ ನನ್ನ ವಯಸ್ಸಿನವರು.