ಹೂವಿನೊಳಗನ್ನು ಕಂಡ ಸ್ವಾಮಿ

ಬಿ.ಜಿ.ಎಲ್. ಸ್ವಾಮಿ ಎಂದೊಡನೆ ಕನ್ನಡದ ಓದುಗರ ಮುಖದಲ್ಲಿ ಮುಗುಳ್ನಗೆ ಮೂಡುತ್ತದೆ. ‘ಹಸುರು ಹೊನ್ನು’, ‘ಕಾಲೇಜು ರಂಗ’ಗಳ ಲೇಖಕರೆಂದು, ಡಿ.ವಿ. ಗುಂಡಪ್ಪನವರ ಪುತ್ರರೆಂದು ಅವರನ್ನು ಬಲ್ಲವರು ಬಹಳ. ಆದರೆ ಅವರ ಜೀವಮಾನದ ಕಾಯಕ ಬೇರೆಯೇ ಇತ್ತು. ಹೂವು ಕಾಯಾಗುವ ನಡುವಿನ ಅವಧಿಯಲ್ಲಿ ಅಂಡಕದೊಳಗೆ ನಡೆಯುವ ಸೂಕ್ಷ್ಮ ವ್ಯಾಪಾರವನ್ನು ಅವರು ಅಭ್ಯಸಿಸಿದರು. ಸಾಹಿತಿ ಸ್ವಾಮಿಯವರನ್ನು ಉಳಿಸಿಕೊಂಡ ನಾವು ವಿಜ್ಞಾನಿ ಸ್ವಾಮಿಯವರನ್ನು ಬಹುಮಟ್ಟಿಗೆ ಮರೆತಿದ್ದೇವೆ.

1918ರಲ್ಲಿ ಜನಿಸಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯವಿಜ್ಞಾನ ಕಲಿತು, 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಸಸ್ಯಭ್ರೂಣವಿಜ್ಞಾನ ಅಂದು ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆಯನ್ನು ಬೇಡುತ್ತಿತ್ತು. ಮೊಗ್ಗು, ಹೂವು, ಎಳೆಗಾಯಿಗಳನ್ನು ಹಂತಹಂತವಾಗಿ ಸಂಗ್ರಹಿಸಿ, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾಗಿ ಕೊಯ್ದು, ಬಣ್ಣವೇರಿಸಿ ಸೂಕ್ಷ್ಮದರ್ಶಕದಡಿ ನೋಡಬೇಕು. ಇಂಥ ನೂರಾರು ಚೂರುಗಳನ್ನು ಕ್ರಮವಾಗಿ ಜೋಡಿಸಿದಾಗಲೇ ಒಂದು ಜೀವ ರೂಪುಗೊಂಡ ಕಥೆ ತಿಳಿಯುವುದು.

ಸ್ವಾಮಿಯವರು ವಿಶೇಷವಾಗಿ ಅಭ್ಯಸಿಸಿದ್ದು ಆರ್ಕಿಡ್ ಕುಟುಂಬವನ್ನು. ಮಲೆನಾಡಿನ ಸೀತಾಳೆ ದಂಡೆ ಇದೇ ಕುಟುಂಬದ್ದು. ಹೂ ಬಿಡುವ ಸಸ್ಯಗಳಲ್ಲಿ ಪರಾಗನಾಳವು ಎರಡು ಗಂಡುಕೋಶಗಳನ್ನು ಒಯ್ಯುತ್ತದೆ. ಒಂದು ಅಂಡವನ್ನು ಕೂಡಿ ಭ್ರೂಣವಾಗುತ್ತದೆ. ಮತ್ತೊಂದು ಪಕ್ಕದ ಕೋಶವನ್ನು ಕೂಡಿ ಭ್ರೂಣಕ್ಕೆ ಬುತ್ತಿ ಸಿದ್ಧಪಡಿಸುತ್ತದೆ. ನಾವುಣ್ಣುವ ಅನ್ನ, ಮುದ್ದೆಗಳು ಬಹುಪಾಲು ಈ ಬುತ್ತಿಯೇ. ಆರ್ಕಿಡ್‌ಗಳಲ್ಲಾದರೋ ಅದು ಆರಂಭದಲ್ಲೇ ಅಳಿಯುತ್ತದೆ. ಒಂದೇ ಕಾಯಿಯಲ್ಲಿ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಧೂಳಿನಂಥ ಬೀಜಗಳಿದ್ದರೂ, ಕಾಡಿನಲ್ಲಿ ಅವು ಮೊಳೆಯಲು ಶಿಲೀಂಧ್ರದ ನೆರವು ಬೇಕೇ ಬೇಕು. ಈ ಭ್ರೂಣಗಳು ಬೆಳೆಯುವ ಬಗೆಗಳನ್ನು ಸ್ವಾಮಿಯವರು 1949ರಲ್ಲಿ ಪ್ರಕಟವಾದ ಪ್ರಬಂಧಗಳಲ್ಲಿ ವಿವರಿಸಿದರು.

ಅಮೆರಿಕದ ಹಾರ್ವರ್ಡ್‌ನಲ್ಲಿ ಅವರಿಗೆ ಇರ್ವಿಂಗ್ ಬೈಲಿ ಅವರ ಸಹಯೋಗ ದೊರೆಯಿತು. ಅಂಡಕಗಳನ್ನು ಮುಚ್ಚಿಟ್ಟುಕೊಳ್ಳುವ ಹೂವಿನ ಅಂಗ ಹೇಗೆ ಹುಟ್ಟಿತು ಎಂಬುದು ಇಬ್ಬರ ಮುಂದಿದ್ದ ಪ್ರಶ್ನೆ. ಫಿಜಿ ದ್ವೀಪದ ಡಿಜೆನೇರಿಯ ಮೊದಲಾದ ಮರಗಳನ್ನು ಪರೀಕ್ಷಿಸಿ, ಅದು ಮೂಲತಃ ಉದ್ದಕ್ಕೆ ಮಡಿಚಿದ ಎಲೆಯಂಥದೆಂದು 1951ರಲ್ಲಿ ಪ್ರತಿಪಾದಿಸಿದರು. ದಶಕಗಳ ಕಾಲ ಈ ವಾದಕ್ಕೆ ಮನ್ನಣೆಯಿತ್ತು. 1999ರಲ್ಲಿ ಡಿಎನ್‌ಎ ಅಧ್ಯಯನಗಳು ನ್ಯೂ ಕ್ಯಾಲೆಡೋನಿಯದ ಆಂಬೊರೆಲ್ಲವನ್ನು ಹೂಸಸ್ಯಗಳ ವಂಶವೃಕ್ಷದ ಬುಡದಲ್ಲಿರಿಸಿದವು. ಅದರ ಹೂವಿನಲ್ಲಿ ಆ ಅಂಗ ಹೂಜಿಯಂತಿರುವುದರಿಂದ ಹಳೆಯ ವಾದ ಪ್ರಶ್ನೆಗೊಳಗಾಯಿತು. ಆದರೆ ಇದರಿಂದ ಸ್ವಾಮಿಯವರ ದುಡಿಮೆ ವ್ಯರ್ಥವಾಗಲಿಲ್ಲ. ಸಿದ್ಧಾಂತಗಳು ಬದಲಾಗುತ್ತವೆ, ಪ್ರಾಮಾಣಿಕವಾಗಿ ಕಂಡು ಬರೆದಿಟ್ಟದ್ದು ಮುಂದಿನವರಿಗೂ ಆಕರವಾಗಿ ಉಳಿಯುತ್ತದೆ.

ಸ್ವದೇಶಕ್ಕೆ ಮರಳಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಮುಂದೆ ಪ್ರಾಂಶುಪಾಲರಾಗಿ ಅವರು ಸೇವೆ ಸಲ್ಲಿಸಿದರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವೇ ‘ಹಸುರು ಹೊನ್ನು’ ಆಯಿತು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಕೆ.ವಿ. ಕೃಷ್ಣಮೂರ್ತಿಯವರೊಡನೆ ಬರೆದ, ಹೂವಿನಿಂದ ಹಣ್ಣಿನವರೆಗಿನ ಪಯಣವನ್ನು ನಿರೂಪಿಸುವ ಇಂಗ್ಲಿಷ್ ಗ್ರಂಥ 1980ರಲ್ಲಿ ಪ್ರಕಟವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅವರು ನಿಧನರಾದರು.

ವೆಚ್ಚ ಮಾಡಿದ ಪ್ರತಿ ರೂಪಾಯಿಗೂ ತತ್‌ಕ್ಷಣದ ಪ್ರತಿಫಲ ಕೇಳುವುದು ಆಡಳಿತದ ಅಭ್ಯಾಸ. ಆರ್ಕಿಡ್ ಬೀಜಕ್ಕೆ ಬುತ್ತಿಯೇಕಿಲ್ಲ ಎಂಬ ಪ್ರಶ್ನೆಗೆ ಅಂಥ ಲೆಕ್ಕದಲ್ಲಿ ಸ್ಥಾನ ಸಿಗುವುದು ಕಷ್ಟ. ಆದರೂ ಅಂಥ ಪ್ರಶ್ನೆಗಳಿಗಾಗಿ ವರ್ಷಗಟ್ಟಲೆ ಕುಳಿತು ನೋಡುವವರಿಲ್ಲದೆ ವಿಜ್ಞಾನ ಬೆಳೆಯದು. ಸ್ವಾಮಿಯವರ ಆಯ್ದ ಸಂಶೋಧನೆಗಳನ್ನು ಚಿತ್ರಸಹಿತ ಕನ್ನಡಕ್ಕೆ ತರುವುದು ನಮ್ಮ ವಿಶ್ವವಿದ್ಯಾನಿಲಯಗಳ ಪ್ರಸಾರಾಂಗಗಳಿಗೆ ಭಾರವಾಗಲಾರದು. ಅವರ ಹಾಸ್ಯಕ್ಕೆ ನಕ್ಕ ಕನ್ನಡಿಗರು ಅವರ ವಿಜ್ಞಾನವನ್ನೂ ತಮ್ಮದಾಗಿಸಿಕೊಳ್ಳಲಿ.