ಡಾ. ಸಲೀಂ ಅಲಿ (1896–1987) ಮತ್ತು ರಂಗನತಿಟ್ಟು ಪಕ್ಷಿಧಾಮ

ಭಾರತದ ಪಕ್ಷಿಮಾನವರೆಂದು ಖ್ಯಾತರಾದ ಡಾ. ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬೈಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆ-ತಾಯಿಯರನ್ನು ಕಳೆದುಕೊಂಡ ಇವರು ಸೋದರಮಾವನವರ ಆಶ್ರಯದಲ್ಲಿ ಬೆಳೆದರು. ಆಟದ ಬಂದೂಕಿನಿಂದ ತಾವೇ ಹೊಡೆದ ಗುಬ್ಬಿಯ ಕತ್ತಿನಲ್ಲಿದ್ದ ಹಳದಿ ಗುರುತನ್ನು ಕಂಡು, ಅದರ ಹೆಸರನ್ನು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತೆರಳಿದುದು ಇವರ ಜೀವನದ ದಿಕ್ಕನ್ನೇ ಬದಲಿಸಿತು.

ಉನ್ನತ ಪದವಿಯಿಲ್ಲದ ಕಾರಣ ಇವರಿಗೆ ಪಕ್ಷಿತಜ್ಞರ ಸರ್ಕಾರಿ ಹುದ್ದೆ ದೊರೆಯಲಿಲ್ಲ. 1926ರಲ್ಲಿ ಮುಂಬೈ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಕರಾಗಿ ಸೇರಿ, ನಂತರ ಬರ್ಲಿನ್‌ನಲ್ಲಿ ತರಬೇತಿ ಪಡೆದರು. ಹಿಂದಿರುಗಿದಾಗ ಆ ಹುದ್ದೆಯೂ ಇರಲಿಲ್ಲ. ಆದರೂ ಎದೆಗುಂದದೆ ಗೀಜಗಗಳ ಅಧ್ಯಯನ ನಡೆಸಿದರು. ಖರ್ಚನ್ನು ಮಾತ್ರ ಪಡೆದು, ಸಂಭಾವನೆಯಿಲ್ಲದೆ ದೇಶೀಯ ಸಂಸ್ಥಾನಗಳ ಪಕ್ಷಿ ಸಮೀಕ್ಷೆ ಕೈಗೊಂಡರು.

1939–40ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಯಿತು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡುಕಟ್ಟಿ ಮರಿಮಾಡುವುದನ್ನು ಗಮನಿಸಿದ ಇವರು, ಆ ತಾಣಕ್ಕೆ ರಕ್ಷಣೆ ನೀಡುವಂತೆ ಅರಸರಿಗೆ ಮನವರಿಕೆ ಮಾಡಿಕೊಟ್ಟರು. ಅದರ ಫಲವಾಗಿ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿಸಲ್ಪಟ್ಟಿತು. 2022ರಲ್ಲಿ ಇದು ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು.

ಭಾರತೀಯ ಪಕ್ಷಿಗಳ ಕುರಿತ ಇವರ ಪ್ರಸಿದ್ಧ ಗ್ರಂಥ 1941ರಲ್ಲಿ ಪ್ರಕಟವಾಯಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಇವರು 1987ರಲ್ಲಿ ನಿಧನರಾದರು.

ರಂಗನತಿಟ್ಟಿನಲ್ಲಿ ಮಾರ್ಗದರ್ಶಕರೊಡನೆ ದೋಣಿಯಲ್ಲಿ ಸಾಗಿ ಬಣ್ಣದ ಕೊಕ್ಕರೆ, ನೀರುಕಾಗೆ ಮೊದಲಾದ ಹಕ್ಕಿಗಳನ್ನು ವೀಕ್ಷಿಸಬಹುದು. ನದಿಯಲ್ಲಿ ಪ್ರವಾಹವಿರುವಾಗ ದೋಣಿ ವಿಹಾರವನ್ನು ಸ್ಥಗಿತಗೊಳಿಸಲಾಗುತ್ತದೆ. ಗದ್ದಲಕ್ಕೆ ಬೆದರಿದ ಹಕ್ಕಿಗಳು ಗೂಡು ಬಿಟ್ಟು ಹಾರಿದಲ್ಲಿ ಮೊಟ್ಟೆ, ಮರಿಗಳಿಗೆ ಅಪಾಯವುಂಟಾಗುವುದರಿಂದ ಸಾರ್ವಜನಿಕರು ಮೌನ ಪಾಲಿಸಿ ಸಹಕರಿಸಬೇಕಾಗಿ ಕೋರಲಾಗಿದೆ.